ಬಂಡೆ ನೋಡಿ ಮೃಗಾಲಯ ಆರಿಸಿ: ಬೆಟ್ಟದ ಕಾಡುಕುರಿಗಳನ್ನು ನೋಡಲು ಮುಂಬೈ, ಪುಣೆ, ಗೋವಾ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಮೃಗಾಲಯಕ್ಕೆ ಹೋದವರು ಹುಲಿ ನೋಡುತ್ತಾರೆ, ಆನೆ ನೋಡುತ್ತಾರೆ, ಮಕ್ಕಳಿದ್ದರೆ ಮಂಗನ ಮುಂದೆ ಅರ್ಧ ಗಂಟೆ ಕಳೆಯುತ್ತಾರೆ. ಕುರಿಯ ಆವರಣದ ಮುಂದೆ ಮಾತ್ರ ಕಾಲು ನಿಲ್ಲುವುದಿಲ್ಲ. ‘ಕುರಿಯನ್ನೇನು ನೋಡೋದು, ಊರಲ್ಲಿ ಕಂಡಿಲ್ಲವೇ’ ಎಂದು ಮುಂದೆ ಸಾಗುತ್ತಾರೆ. ಊರಲ್ಲಿ ಕಂಡದ್ದು ಸಾವಿರಾರು ವರ್ಷ ಮನುಷ್ಯರ ಕೈಯಲ್ಲಿ ಬೆಳೆದ ಕುರಿ. ಅದರ ಕಾಡುಬಳಗ ಇಂದಿಗೂ ಲಡಾಖ್‌ನಿಂದ ಅಲಾಸ್ಕಾದವರೆಗೆ ಕಡಿದಾದ ಬೆಟ್ಟಗಳಲ್ಲಿ ಬದುಕುತ್ತಿದೆ. ಅವುಗಳನ್ನು ಅವುಗಳ ನೆಲೆಯಲ್ಲೇ ನೋಡಲು ಹೊರಟರೆ ವಾರಗಟ್ಟಲೆ ಬೆಟ್ಟ ಹತ್ತಬೇಕು. ಎತ್ತರದ ಗಾಳಿಗೆ ಮೈ ಒಗ್ಗಬೇಕು. ಅಷ್ಟು ಮಾಡಿದರೂ ಎದುರಿನ ಗುಡ್ಡದಲ್ಲಿ ನಾಲ್ಕು ಬೂದುಚುಕ್ಕೆ ಕಂಡರೆ ಪುಣ್ಯ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಆಗದ ಮಾತು. ಒಳ್ಳೆಯ ಮೃಗಾಲಯವೊಂದರಲ್ಲಿ ಅದೇ ಪ್ರಾಣಿಯ ಗೊರಸು ಬಂಡೆಯ ಮೇಲೆ ಹೇಗೆ ಕೂರುತ್ತದೆ ಎಂಬುದನ್ನೂ ನೋಡಬಹುದು.

ಮುಂಬೈ, ಪುಣೆ, ಗೋವಾದಲ್ಲಿರುವ ಕನ್ನಡಿಗರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಗಳಲ್ಲಿ ಈಗ ಪ್ರವಾಸಕ್ಕೆ ಕಾರಣ ಹುಡುಕಬೇಕಿಲ್ಲ. ಮಗ ದುಬೈನಲ್ಲಿ, ಮಗಳು ಕ್ಯಾಲ್ಗರಿಯಲ್ಲಿ, ತಮ್ಮ ಬರ್ಲಿನ್‌ನಲ್ಲಿ. ಹೋದಲ್ಲಿ ಒಂದು ಬೆಳಗ್ಗೆ ಮೀಸಲಿಟ್ಟರೆ ಸಾಕು.

ಮೊದಲು ಬಳಗದ ಪರಿಚಯ

ನಿಜವಾದ ಕುರಿಗಳ ಕುಲಕ್ಕೆ ವಿಜ್ಞಾನದಲ್ಲಿ ಓವಿಸ್ ಎಂದು ಹೆಸರು. ಮಧ್ಯ ಏಷ್ಯಾದ ಅರ್ಗಾಲಿ ಇವುಗಳಲ್ಲೆಲ್ಲ ದೊಡ್ಡದು. ಅದರದೇ ಉಪಜಾತಿಯಾದ ಪಾಮೀರಿನ ಮಾರ್ಕೊ ಪೋಲೊ ಕುರಿಯ ಕೊಂಬು, ಸುರುಳಿಯ ಗುಂಟ ಅಳೆದರೆ 190 ಸೆಂಟಿಮೀಟರ್ ಮುಟ್ಟಿದ ದಾಖಲೆಯಿದೆ; ಅಂದರೆ ಆರಡಿಗೂ ಹೆಚ್ಚು. ಲಡಾಖ್‌ನ ಸಿಂಧೂ ಮತ್ತು ಶ್ಯೋಕ್ ಕಣಿವೆಗಳಲ್ಲಿ ಯೂರಿಯಲ್ ಇದೆ; ಅಲ್ಲಿಯವರು ಅದನ್ನು ಶಾಪು ಎನ್ನುತ್ತಾರೆ. ಯುರೋಪಿನಲ್ಲಿ ಮೂಫ್ಲಾನ್, ಉತ್ತರ ಅಮೆರಿಕದಲ್ಲಿ ಬಿಗ್‌ಹಾರ್ನ್ ಮತ್ತು ಹಾಲುಬಿಳಿ ಬಣ್ಣದ ಡಾಲ್ ಕುರಿ, ಸೈಬೀರಿಯಾದಲ್ಲಿ ಹಿಮಕುರಿ. ಅರ್ಗಾಲಿ ಮತ್ತು ಹಿಮಕುರಿ ಮೃಗಾಲಯಗಳಲ್ಲಿ ಬಹಳ ಅಪರೂಪ. ಅವನ್ನೇ ಗುರಿಯಾಗಿಟ್ಟುಕೊಂಡು ಹೊರಟರೆ ನಿರಾಸೆ ಕಟ್ಟಿಟ್ಟದ್ದು.

ಇವುಗಳ ಜೊತೆಗೆ ಕುರಿಯೆಂದು ಹೆಸರಿದ್ದೂ ಓವಿಸ್ ಕುಲಕ್ಕೆ ಸೇರದ ಎರಡು ಪ್ರಾಣಿಗಳಿವೆ. ಒಂದು, ಹಿಮಾಲಯದ ಭರಲ್ ಅಥವಾ ನೀಲಿ ಕುರಿ. ಇನ್ನೊಂದು, ಉತ್ತರ ಆಫ್ರಿಕಾದ ಬಾರ್ಬರಿ ಕುರಿ. ಮೃಗಾಲಯಗಳಲ್ಲಿ ನಿಮಗೆ ಸುಲಭವಾಗಿ ಸಿಗುವವು ಇವೇ ಎರಡು ಮತ್ತು ಮೂಫ್ಲಾನ್. ಭರಲ್ ಆಡಿಗೆ ಹತ್ತಿರವೋ ಕುರಿಗೆ ಹತ್ತಿರವೋ ಎಂಬ ಚರ್ಚೆ ಬಹುಕಾಲ ನಡೆಯಿತು. 1973ರಲ್ಲಿ ನೇಪಾಳದ ದೋಲ್ಪೊ ಪ್ರದೇಶಕ್ಕೆ ಹೋಗಿ ಬೆದೆಗಾಲದಲ್ಲಿ ಭರಲ್‌ಗಳನ್ನು ಕೂತು ಗಮನಿಸಿದ ವನ್ಯಜೀವಿ ವಿಜ್ಞಾನಿ ಜಾರ್ಜ್ ಶಾಲರ್, ಇದರ ನಡವಳಿಕೆ ಆಡಿನ ಕಡೆಗೇ ವಾಲುತ್ತದೆ ಎಂದರು. ದಕ್ಷಿಣದವರಾದ ನಾವು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಆಡೆಂದೇ ಎಲ್ಲರೂ ಭಾವಿಸಿದ್ದ ನೀಲಗಿರಿ ತಾರ್, ಓವಿಸ್ ಕುಲಕ್ಕೆ ಅತಿ ಹತ್ತಿರದ ನೆಂಟ ಎಂದು 2005ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಮುನ್ನಾರ್ ಕಡೆ ಹೋಗುವವರು ಇರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ ಅದನ್ನು ರಸ್ತೆಯ ಪಕ್ಕದಲ್ಲೇ ನೋಡಬಹುದು. ಮರಿಹಾಕುವ ಕಾಲವಾದ ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ ಉದ್ಯಾನ ಮುಚ್ಚಿರುತ್ತದೆ.

ಕಣ್ಣು ಪಳಗಿಸುವುದು ಮನೆಯ ಹತ್ತಿರವೇ

ಮುಂಬೈ, ಪುಣೆ, ಗೋವಾದ ಮೃಗಾಲಯಗಳಲ್ಲಿ ಬೆಟ್ಟದ ಕಾಡುಕುರಿ ಹುಡುಕಬೇಡಿ. ನಮ್ಮ ಕರಾವಳಿಯ ಸೆಖೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒದ್ದೆ ನೆಲ, ಇವು ಒಣಹವೆಯ ಬಂಡೆಪ್ರಾಣಿಗೆ ಹೇಳಿಸಿದ್ದಲ್ಲ. ಆದರೂ ಮೊದಲ ಪಾಠ ಇಲ್ಲೇ ಆಗಬೇಕು. ಗೊರಸಿನ ಪ್ರಾಣಿಗಳನ್ನು ನಿಧಾನವಾಗಿ ನೋಡುವ ಅಭ್ಯಾಸವಿಲ್ಲದೆ ಭರಲ್ ನೋಡಲು ಡಾರ್ಜಿಲಿಂಗ್‌ಗೆ ಹೋದರೆ ಹತ್ತು ನಿಮಿಷಕ್ಕೇ ಬೇಸರ ಬಂದುಬಿಡುತ್ತದೆ.

ಮುಂಬೈನವರಿಗೆ ಭಾಯಖಳಾದ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ, ಅಂದರೆ ನಮ್ಮೆಲ್ಲರ ಬಾಯಲ್ಲಿ ರಾಣಿ ಬಾಗ್. 1861ರಿಂದ ಇರುವ ತೋಟ. ಭಾಯಖಳಾ ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ನಡೆದೇ ಹೋಗಬಹುದು. ಪುಣೆಯವರಿಗೆ ಕಾತ್ರಜ್‌ನ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯ ಇನ್ನೂ ಚೆನ್ನು. 130 ಎಕರೆಯ ವಿಸ್ತಾರ, ಕೃಷ್ಣಮೃಗ, ಕಡವೆ, ಜಿಂಕೆ, ನೀಲ್‌ಗಾಯ್‌ಗಳಿಗೆ ಬೇಕಾದಷ್ಟು ಜಾಗ. ಎರಡಕ್ಕೂ ಬುಧವಾರ ರಜೆ. ಗೋವಾದವರು ಫೋಂಡಾ ಕಡೆಯ ಬೋಂಡ್ಲಾಕ್ಕೆ ಹೋಗಿ. ಅಲ್ಲಿ ರಜೆ ಗುರುವಾರ.

ಅಲ್ಲಿ ಮಾಡಬೇಕಾದ ಅಭ್ಯಾಸ ಇಷ್ಟು. ಕಡವೆ ಮತ್ತು ಕೃಷ್ಣಮೃಗವನ್ನು ಒಂದಾದ ಮೇಲೊಂದು ನೋಡಿ. ರಾಣಿ ಬಾಗ್‌ನಲ್ಲಿ ನನ್ನ ಸೋದರಳಿಯ ಕಡವೆಯ ಮುಂದೆ ನಿಂತು, ‘ಮಾಮಾ, ಇದರ ಕೊಂಬು ಯಾರು ಮುರಿದ್ರು?’ ಅಂತ ಕೇಳಿದ್ದ. ಯಾರೂ ಮುರಿದಿರಲಿಲ್ಲ. ಜಿಂಕೆ ಜಾತಿಯವುಗಳ ಕವಲುಗೊಂಬು ಬರಿ ಎಲುಬು. ಅದು ಉದುರಿ ಮತ್ತೆ ಹುಟ್ಟುತ್ತದೆ. ಕೃಷ್ಣಮೃಗ, ಆಡು, ಕುರಿಗಳ ಕೊಂಬು ಹಾಗಲ್ಲ. ಒಳಗೆ ಎಲುಬಿನ ತಿರುಳು, ಮೇಲೆ ನಮ್ಮ ಉಗುರಿನಂಥದೇ ವಸ್ತುವಿನ ಕವಚ. ಹುಟ್ಟಿದ್ದು ಸಾಯುವತನಕ ಇರುತ್ತದೆ, ವರ್ಷ ವರ್ಷ ಬುಡದಿಂದ ಬೆಳೆಯುತ್ತದೆ. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ಕುರಿಯ ಕೊಂಬು ಓದುವುದಕ್ಕೆ ಅಡಿಪಾಯ ಬಿದ್ದಂತೆ.

ಇಪ್ಪತ್ತು ನಿಮಿಷ ಒಂದೇ ಆವರಣದ ಮುಂದೆ ನಿಲ್ಲುವುದನ್ನೂ ಇಲ್ಲೇ ಕಲಿಯಿರಿ. ಯಾವುದು ಮುಂದೆ ನಡೆಯುತ್ತದೆ, ಯಾವುದು ದಾರಿ ಬಿಡುತ್ತದೆ, ಯಾವುದು ಮೇಯುವಾಗಲೂ ಮೂರು ಸಲ ತಲೆ ಎತ್ತುತ್ತದೆ ಎಂದು ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಯಾವ ಪ್ರಾಣಿ ಎಲ್ಲಿದೆ ಎಂದು ತಿಳಿಯುವ ಬಗೆ

ಮೃಗಾಲಯದ ಪ್ರಾಣಿಗಳು ಒಂದೇ ಕಡೆ ಇರುವುದಿಲ್ಲ. ಸಾಯುತ್ತವೆ, ಬೇರೆ ಊರಿಗೆ ವಿನಿಮಯವಾಗಿ ಹೋಗುತ್ತವೆ, ಆವರಣ ದುರಸ್ತಿಗೆಂದು ವರ್ಷಗಟ್ಟಲೆ ಮುಚ್ಚುತ್ತದೆ. ಹಳೆಯ ಪ್ರವಾಸಕಥನ ನಂಬಿ ಟಿಕೆಟ್ ತೆಗೆಸಬೇಡಿ. ಭಾರತದ ಮೃಗಾಲಯಗಳ ಬಗ್ಗೆ ಕೇಂದ್ರ ಮೃಗಾಲಯ ಪ್ರಾಧಿಕಾರ ವಾರ್ಷಿಕ ಪ್ರಾಣಿಪಟ್ಟಿ ಪ್ರಕಟಿಸುತ್ತದೆ. ಯಾವ ಜಾತಿ, ಗಂಡೆಷ್ಟು, ಹೆಣ್ಣೆಷ್ಟು ಎಂಬ ಲೆಕ್ಕವೂ ಅದರಲ್ಲಿ ಇರುತ್ತದೆ. ಈ ಗಂಡು-ಹೆಣ್ಣಿನ ಲೆಕ್ಕ ಬಹಳ ಮುಖ್ಯ. ಒಂದೇ ಗಂಡಿದ್ದಲ್ಲಿ ಕಾದಾಟ ಕಾಣುವುದಿಲ್ಲ. ಬರೀ ಹೆಣ್ಣಿದ್ದಲ್ಲಿ ದೊಡ್ಡ ಕೊಂಬಿಲ್ಲ. ಯುರೋಪಿಗೆ ಝೂಟೀರ್‌ಲಿಸ್ಟ ಎಂಬ ಜಾಲತಾಣವಿದೆ. ಪ್ರಾಣಿಯ ಲ್ಯಾಟಿನ್ ಹೆಸರು ಹಾಕಿದರೆ ಈಗ ಯಾವ ಮೃಗಾಲಯದಲ್ಲಿದೆ, ಹಿಂದೆ ಎಲ್ಲಿತ್ತು ಎರಡೂ ಸಿಗುತ್ತದೆ. ಲ್ಯಾಟಿನ್ ಹೆಸರನ್ನೇ ಹಾಕಿ, ಏಕೆಂದರೆ ಬಳಕೆಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭರಲ್‌ಗೆ ಸ್ಯೂಡೊಯಿಸ್ ನಯಾವುರ್, ಬಾರ್ಬರಿ ಕುರಿಗೆ ಅಮ್ಮೊಟ್ರಾಗಸ್ ಲರ್ವಿಯಾ, ಬಿಗ್‌ಹಾರ್ನ್‌ಗೆ ಓವಿಸ್ ಕ್ಯಾನಡೆನ್ಸಿಸ್, ಡಾಲ್ ಕುರಿಗೆ ಓವಿಸ್ ಡಾಲಿ. ಇಷ್ಟು ಬರೆದಿಟ್ಟುಕೊಂಡರೆ ಕೆಲಸವಾಗುತ್ತದೆ.

ಕೊನೆಗೆ, ಹೊರಡುವ ವಾರದ ಮುಂಚೆ ಮೃಗಾಲಯಕ್ಕೇ ಒಂದು ಈಮೇಲ್ ಹಾಕಿ: ‘ಭರಲ್ ಈಗ ಪ್ರೇಕ್ಷಕರಿಗೆ ಕಾಣುವ ಆವರಣದಲ್ಲಿವೆಯೇ?’ ಪ್ರಶ್ನೆ ಇಷ್ಟು ನೇರವಾಗಿರಲಿ.

ಬಂಡೆ ನೋಡಿ ಆರಿಸಿ

ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಮೃಗಾಲಯದಲ್ಲಿ ಎಷ್ಟು ಜಾತಿಯ ಕುರಿ ಇದೆ ಎಂದು ಕೇಳಬೇಡಿ. ಅವುಗಳಿಗೆ ಹತ್ತಲು ಬಂಡೆ ಇದೆಯೇ ಎಂದು ಕೇಳಿ. ಸಪಾಟು ನೆಲದ ತಂತಿಬೇಲಿಯೊಳಗೆ ನಿಂತ ಬೆಟ್ಟದ ಕುರಿ ತನ್ನ ಅರ್ಧ ಸ್ವಭಾವವನ್ನೂ ತೋರಿಸುವುದಿಲ್ಲ. ಅದರ ಕಾಲು, ಕಣ್ಣು, ಗುಂಪಿನೊಳಗಿನ ಮೇಲುಕೀಳು ಎಲ್ಲವೂ ಇಳಿಜಾರಿಗಾಗಿಯೇ ರೂಪುಗೊಂಡವು. ಎತ್ತರದ ಜಾಗ ಯಾರದು ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಎತ್ತರವೇ ಇಲ್ಲದಿದ್ದರೆ ಆ ಪ್ರಶ್ನೆಯೂ ಇಲ್ಲ, ನೋಡುವುದಕ್ಕೆ ಏನೂ ಇಲ್ಲ.

ಮೃಗಾಲಯ ಕಟ್ಟುವವರಿಗೆ ಇದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಜರ್ಮನಿಯ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗೆನ್‌ಬೆಕ್ 1907ರಲ್ಲಿ ತೆರೆದ ಉದ್ಯಾನದಲ್ಲಿ ಕಂಬಿಗಳ ಬದಲು ಕಂದಕಗಳಿದ್ದವು, ಹಿನ್ನೆಲೆಗೆ ಕೃತಕ ಬಂಡೆಬೆಟ್ಟ ಎದ್ದು ನಿಂತಿತ್ತು. ಲಂಡನ್ ಮೃಗಾಲಯದ ಮ್ಯಾಪಿನ್ ಟೆರೇಸಸ್ 1914ರ ಹೊತ್ತಿಗೆ ಕಾಂಕ್ರೀಟಿನಲ್ಲೇ ಕಟ್ಟಿದ ಬೆಟ್ಟ. ಕೆಳಗೆ ಕರಡಿಗಳು, ಮೇಲಿನ ತುದಿಗಳಲ್ಲಿ ಬೆಟ್ಟದ ಆಡುಕುರಿಗಳು. ಇಂದು ಆ ಕಟ್ಟಡ ಉಳಿದಿದೆ, ಅಲ್ಲಿ ಬೆಟ್ಟದ ಪ್ರಾಣಿಗಳಿಲ್ಲ. ನೋಡಿದರೆ ನನಗೆ ಮನಸ್ಸು ಚುರುಕ್ ಎನ್ನುತ್ತದೆ.

ಫೋಟೋ ನೋಡಿಯೇ ಆವರಣದ ಗುಣ ಅಳೆಯಬಹುದು. ಬಂಡೆ ಬೇಲಿಗಿಂತ ಎತ್ತರವಿದೆಯೇ? ಒಂದೇ ಶಿಖರವೋ, ಎರಡು ಮೂರೋ? ಒಂದೇ ಇದ್ದರೆ ಬಲಿಷ್ಠ ಗಂಡು ಅದನ್ನು ಹಿಡಿದುಕೊಂಡು ಉಳಿದವನ್ನು ಕೆಳಗೇ ಇಡುತ್ತದೆ. ನೆರಳು ಎಲ್ಲಿ ಬೀಳುತ್ತದೆ? ನೆರಳು ಹಿಂಬದಿಗಿದ್ದರೆ ಮಧ್ಯಾಹ್ನ ಎಲ್ಲವೂ ಅಲ್ಲಿಗೇ ಹೋಗಿ ಮಲಗಿ ನಿಮಗೆ ಬಾಲವೂ ಕಾಣುವುದಿಲ್ಲ.

ತಿಂಗಳು ಯಾವುದು

ವರ್ಷದಲ್ಲಿ ಎರಡು ಕಾಲ ಒಳ್ಳೆಯದು. ಬೆದೆಗಾಲ ಮತ್ತು ಮರಿಗಾಲ. ಬಾರ್ಬರಿ ಕುರಿಗೆ ಬೆದೆ ಸೆಪ್ಟೆಂಬರ್‌ನಿಂದ ನವೆಂಬರ್, ಮೂಫ್ಲಾನ್‌ಗೆ ಅಕ್ಟೋಬರ್‌ನಿಂದ ಡಿಸೆಂಬರ್, ರಾಕಿ ಬೆಟ್ಟಗಳ ಬಿಗ್‌ಹಾರ್ನ್‌ಗೆ ನವೆಂಬರ್-ಡಿಸೆಂಬರ್, ಭರಲ್‌ಗೆ ನವೆಂಬರ್ ಕೊನೆಯಿಂದ ಜನವರಿ. ನಮ್ಮ ದೀಪಾವಳಿ, ಕ್ರಿಸ್‌ಮಸ್ ರಜೆಗಳು ಸರಿಯಾಗಿ ಇದರೊಳಗೇ ಬೀಳುತ್ತವೆ. ಮರಿ ನೋಡಬೇಕೆಂದರೆ ಮೂಫ್ಲಾನ್‌ಗೆ ಮಾರ್ಚ್‌ನಿಂದ ಮೇ, ಬಿಗ್‌ಹಾರ್ನ್‌ಗೆ ಮೇ-ಜೂನ್. ಭರಲ್ ಮರಿ ಹುಟ್ಟುವ ಜೂನ್ ಹೊತ್ತಿಗೆ ಡಾರ್ಜಿಲಿಂಗ್‌ನಲ್ಲಿ ಮಳೆ ಮಂಜು ಕವಿದಿರುತ್ತದೆ, ಹತ್ತಡಿ ಆಚೆಗೆ ಏನೂ ಕಾಣದ ದಿನಗಳಿರುತ್ತವೆ.

ಏಪ್ರಿಲ್-ಮೇ ತಿಂಗಳಲ್ಲಿ ತಂಪು ದೇಶಗಳಿಗೆ ಹೋದವರಿಗೆ ಒಂದು ಮಾತು. ಆಗ ಕುರಿಗಳ ಮೈಮೇಲೆ ತುಪ್ಪಳ ಗಂಟುಗಂಟಾಗಿ ಜೋತು ಬಿದ್ದಿರುತ್ತದೆ, ಅಲ್ಲಲ್ಲಿ ಬೋಳಾದಂತೆ ಕಾಣುತ್ತದೆ. ‘ಪಾಪ, ಕಜ್ಜಿ ಹಿಡಿದಿದೆ, ಸರಿಯಾಗಿ ನೋಡಿಕೊಳ್ಳುತ್ತಿಲ್ಲ’ ಎಂದು ಜನ ಮರುಗುತ್ತಾರೆ. ಅದು ರೋಗವಲ್ಲ. ಕಾಡುಕುರಿಗೆ ಹೊರಗೆ ಒರಟು ಕೂದಲು, ಒಳಗೆ ಚಳಿಗಾಲದ ಮೆತ್ತನೆ ಉಣ್ಣೆ. ಬೇಸಿಗೆ ಹತ್ತಿರವಾದಾಗ ಒಳಗಿನದು ತಾನೇ ಉದುರುತ್ತದೆ. ಸಾಕು ಕುರಿಯ ಉಣ್ಣೆಯನ್ನು ಮಾತ್ರ ನಾವು ಉದುರದಂತೆ ತಳಿ ಮಾಡಿಕೊಂಡೆವು, ಅದಕ್ಕೇ ಅದಕ್ಕೆ ಕತ್ತರಿ ಬೇಕು.

ಡಾರ್ಜಿಲಿಂಗ್: ಭಾರತದಲ್ಲಿ ಮೊದಲ ಆಯ್ಕೆ

ಪದ್ಮಜಾ ನಾಯ್ಡು ಹಿಮಾಲಯನ್ ಮೃಗಾಲಯ 1958ರಲ್ಲಿ ಶುರುವಾಯಿತು. ಸುಮಾರು 7,000 ಅಡಿ ಎತ್ತರದಲ್ಲಿದೆ, ಹಿಮಾಲಯದ ಪ್ರಾಣಿಗಳಿಗೆಂದೇ ಮೀಸಲು. ಭರಲ್ ಮತ್ತು ಹಿಮಾಲಯನ್ ತಾರ್ ಎರಡೂ ಒಂದೇ ಬೆಳಗ್ಗೆ ಸಿಗುವುದು ಇಲ್ಲಿಯ ವಿಶೇಷ. ಜನವೆಲ್ಲ ಕೆಂಪು ಪಾಂಡಾ ಮತ್ತು ಹಿಮಚಿರತೆಯ ಮುಂದೆ ಮುಗಿಬೀಳುವುದರಿಂದ ಭರಲ್‌ಗಳ ಮುಂದೆ ನಿಮಗೆ ಸಾವಧಾನವಾಗಿ ನಿಲ್ಲಲು ಜಾಗವಿರುತ್ತದೆ. ಹಿಮಚಿರತೆಯನ್ನೂ ನೋಡಿ, ಆದರೆ ಈ ಕಣ್ಣಿನಿಂದ: ಕಾಡಿನಲ್ಲಿ ಅದರ ಮುಖ್ಯ ಆಹಾರವೇ ಭರಲ್. ಅದರ ಹೊಗೆಬಣ್ಣ, ಉದ್ದ ಬಾಲ, ಅಗಲ ಪಾದ ಯಾವ ಬೇಟೆಗಾಗಿ ಎಂಬುದಕ್ಕೆ ಉತ್ತರ ಅದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಮೆಲುಕು ಹಾಕುತ್ತ ಕೂತಿರುತ್ತದೆ.

ಹೋಗುವ ದಾರಿ: ಮುಂಬೈಯಿಂದ ವಿಮಾನದಲ್ಲಿ ಬಾಗ್ಡೋಗ್ರಾ. ಪುಣೆ, ಗೋವಾದವರು ಕೋಲ್ಕತ್ತಾ ಅಥವಾ ದಿಲ್ಲಿಯಲ್ಲಿ ವಿಮಾನ ಬದಲಿಸಬೇಕಾಗಬಹುದು. ಅಲ್ಲಿಂದ ಟ್ಯಾಕ್ಸಿಯಲ್ಲಿ ಸುಮಾರು ಮೂರು ಗಂಟೆ ಏರುದಾರಿ. ರೈಲು ಇಷ್ಟವಿದ್ದವರು ನ್ಯೂ ಜಲ್ಪಾಯ್‌ಗುರಿಯಲ್ಲಿ ಇಳಿಯಬೇಕು. ಮೃಗಾಲಯಕ್ಕೆ ಗುರುವಾರ ರಜೆ. ಪ್ರವಾಸ ಕಂಪನಿಯವರು ಎರಡು ರಾತ್ರಿಯ ಪ್ಯಾಕೇಜಿನಲ್ಲಿ ಗುರುವಾರವನ್ನೇ ಹಾಕಿಬಿಡುವುದುಂಟು, ಮೊದಲೇ ಕೇಳಿ. ಗೇಟಿನಿಂದ ಒಳಗೆ ನಡೆಯುವುದೆಲ್ಲ ಏರು. ಮಂಡಿನೋವಿರುವ ಅಪ್ಪ-ಅಮ್ಮನನ್ನು ಕರೆದೊಯ್ಯುವವರು ಕೋಲು ಇಟ್ಟುಕೊಳ್ಳಿ, ಅಲ್ಲಲ್ಲಿ ಕೂತು ಏರಿ. ಇದೇ ಆವರಣದಲ್ಲಿ 1954ರ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟ್ ಇದೆ, ತೇನ್ಸಿಂಗ್ ನೋರ್ಗೆ ಕೆಲಸ ಮಾಡಿದ ಸಂಸ್ಥೆ. ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು ಬೆಳಗಿನ ಹೊತ್ತನ್ನು ಪೂರ್ತಿ ಭರಲ್‌ಗೆ ಕೊಡಿ. ಮೃಗಾಲಯ ತೆರೆದ ಮೊದಲ ಒಂದು ಗಂಟೆಯಲ್ಲಿ ಮೇವು ಬಿದ್ದಿರುತ್ತದೆ, ಪ್ರಾಣಿಗಳು ಎದ್ದು ಓಡಾಡುತ್ತವೆ. ಹನ್ನೊಂದರ ಮೇಲೆ ಎಲ್ಲವೂ ಕೂತು ಮೆಲುಕು ಹಾಕಲು ಶುರುಮಾಡುತ್ತವೆ.

ಭರಲ್‌ನ ಮೈ ಬೂದುಬಣ್ಣಕ್ಕೆ ತುಸು ನೀಲಿ ಛಾಯೆ. ಹೊಟ್ಟೆ ಬಿಳಿ, ಪಕ್ಕೆಯಲ್ಲಿ ಮತ್ತು ಕಾಲಿನ ಮುಂಭಾಗದಲ್ಲಿ ಕಪ್ಪುಪಟ್ಟೆ. ಗಂಡಿನ ಕೊಂಬು ಮೇಲೆದ್ದು ಹೊರಕ್ಕೆ ಬಾಗಿ ಹಿಂದಕ್ಕೆ ತಿರುಗುತ್ತದೆ. ನಮ್ಮ ಊರಿನ ಟಗರಿನಂತೆ ಕಿವಿಯ ಸುತ್ತ ಸುರುಳಿ ಸುತ್ತುವುದಿಲ್ಲ. ಗಡ್ಡವಿಲ್ಲ. ಪಕ್ಕದ ತಾರ್‌ಗೆ ಕುತ್ತಿಗೆಯಿಂದ ಎದೆಯವರೆಗೆ ಕಂದು ಕೇಸರ ಇಳಿಬಿದ್ದಿರುತ್ತದೆ. ಹಾಗಾಗಿ ಎರಡನ್ನೂ ಗುರುತಿಸುವುದು ಕಷ್ಟವಲ್ಲ.

ಕೊಲ್ಲಿ ದೇಶಗಳು

ದುಬೈಗೆ ಹೋಗುವವರಿಗೆ ಅಲ್ ಐನ್ ಒಂದೂವರೆ ಗಂಟೆಯ ದಾರಿ. ಜೆಬೆಲ್ ಹಫೀತ್ ಬೆಟ್ಟದ ಬುಡದಲ್ಲಿ 1968ರಲ್ಲಿ ಆರಂಭವಾದ ಅಲ್ ಐನ್ ಮೃಗಾಲಯ ಮರುಭೂಮಿಯ ಗೊರಸಿನ ಪ್ರಾಣಿಗಳಿಗೆ ಹೆಸರಾದದ್ದು. ಬಾರ್ಬರಿ ಕುರಿಯನ್ನು ಕೇಳಿ ನೋಡಿ. ಮರಳುಗಂದು ಬಣ್ಣ, ಗಂಟಲಿನಿಂದ ಮುಂಗಾಲಿನವರೆಗೆ ಜೋಲುವ ಕೂದಲು, ಹಿಂದಕ್ಕೆ ಬಾಗಿದ ದಪ್ಪ ಕೊಂಬು. ನಿಂತಲ್ಲಿಂದಲೇ ಎರಡು ಮೀಟರಿಗೂ ಮೀರಿ ನೆಗೆಯಬಲ್ಲದು, ಅದಕ್ಕೇ ಅದರ ಬೇಲಿ ಅಷ್ಟು ಎತ್ತರ. ಅಪಾಯ ಕಂಡರೆ ಓಡುವ ಬದಲು ಅಲ್ಲಾಡದೆ ನಿಂತುಬಿಡುವುದೂ ಇದರ ರೂಢಿ. ಬಂಡೆಯ ಬಣ್ಣದೊಳಗೆ ಸೇರಿಹೋದ ಒಂದನ್ನು ಕಣ್ಣು ಹಿಡಿಯಲು ಸ್ವಲ್ಪ ಹೊತ್ತು ಬೇಕು. ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ, ಬೇಸಿಗೆಯಲ್ಲಿ ಮನುಷ್ಯರಿಗೂ ಪ್ರಾಣಿಗೂ ಹಿಂಸೆ.

ಶಾರ್ಜಾದ ಕಲ್ಬಾದಲ್ಲಿ ಅಲ್ ಹೆಫಾಯಿಯಾ ಬೆಟ್ಟದ ಪ್ರಾಣಿಗಳ ಸಂರಕ್ಷಣಾ ಕೇಂದ್ರವಿದೆ. ಅಲ್ಲಿರುವ ಅರೇಬಿಯನ್ ತಾರ್ ಅನ್ನು ಈ ಕಡೆಯವರು ತಪ್ಪದೆ ನೋಡಬೇಕು. ಅದರ ವೈಜ್ಞಾನಿಕ ಹೆಸರಿನಲ್ಲಿ ‘ಜಯಕರಿ’ ಎಂಬ ಪದವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಸ್ಕತ್‌ನಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯರಾಗಿದ್ದ ಆತ್ಮಾರಾಮ್ ಸದಾಶಿವ ಜಯಕರ್ ಈ ಪ್ರಾಣಿಯ ಮಾದರಿಗಳನ್ನು ಲಂಡನ್ನಿಗೆ ಕಳಿಸಿದರು; 1894ರಲ್ಲಿ ಅಲ್ಲಿಯ ಪ್ರಾಣಿವಿಜ್ಞಾನಿ ಓಲ್ಡ್‌ಫೀಲ್ಡ್ ಥಾಮಸ್, ಜಯಕರ್ ಹೆಸರನ್ನೇ ಇದಕ್ಕಿಟ್ಟರು. ಒಂದು ಮರಳುಹಾವಿಗೂ ಒಂದು ಕಡಲಕುದುರೆಗೂ ಅವರ ಹೆಸರಿದೆ. ದಾದರ್, ಗಿರ್‌ಗಾಂವ್‌ನಲ್ಲಿ ನಿತ್ಯ ಕೇಳುವ ಮನೆತನದ ಹೆಸರೊಂದು ಒಮಾನಿನ ಬೆಟ್ಟಗಳಲ್ಲಿ ಜಿಗಿಯುವ ಪ್ರಾಣಿಯ ಜೊತೆ ಉಳಿದಿರುವುದು ನನಗೆ ಬಹಳ ಹೆಮ್ಮೆಯ ವಿಷಯ. ಮೊದಲು ಇದನ್ನು ಹಿಮಾಲಯನ್ ತಾರ್‌ನ ಸೋದರನೆಂದೇ ತಿಳಿದಿದ್ದರು. ಈಗ ಇದರ ಹತ್ತಿರದ ನೆಂಟ ಬಾರ್ಬರಿ ಕುರಿ ಎಂದು ಗೊತ್ತಾಗಿದೆ. ಆದ್ದರಿಂದ ಅಲ್ ಐನ್ ಮತ್ತು ಕಲ್ಬಾ ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿ ಹೋಲಿಸುವುದು ಸೊಗಸು.

ಅಮೆರಿಕ, ಕೆನಡಾ

ಬಿಗ್‌ಹಾರ್ನ್ ಟಗರನ್ನು ನೋಡದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಅದರ ಒಂದು ಜೊತೆ ಕೊಂಬು 14 ಕಿಲೋ ತೂಗಬಹುದು. ಎರಡು ಟಗರುಗಳು ದೂರದಿಂದ ಓಡಿಬಂದು ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗದಲ್ಲಿ ಹಣೆಗೆ ಹಣೆ ಕೊಡುತ್ತವೆ. ಆ ಸದ್ದು ಒಂದು ಮೈಲಿ ಆಚೆಗೂ ಕೇಳುತ್ತದೆ ಎನ್ನುತ್ತಾರೆ. ಬಾಗಲಕೋಟೆ, ಬೆಳಗಾವಿ ಕಡೆಯ ಟಗರಿನ ಕಾಳಗ ಕಂಡವರಿಗೆ ಈ ಓಟ ಪರಿಚಿತವೇ.

ಅರಿಜೋನಾದ ಟೂಸಾನ್‌ನಲ್ಲಿ 1952ರಿಂದ ಇರುವ ಅರಿಜೋನಾ-ಸೊನೋರಾ ಡೆಸರ್ಟ್ ಮ್ಯೂಸಿಯಂ ಹೆಸರಿಗೆ ಮ್ಯೂಸಿಯಂ, ನಿಜಕ್ಕೆ ಬಯಲು ಮೃಗಾಲಯ. ಅಲ್ಲಿ ಮರುಭೂಮಿ ಬಿಗ್‌ಹಾರ್ನ್‌ಗಳಿಗೆ ಕಟ್ಟಿದ ಬಂಡೆಗುಡ್ಡ, ಸುತ್ತಲಿನ ನಿಜವಾದ ಗುಡ್ಡಗಳಿಂದ ಬೇರೆಯೆಂದು ಕಾಣುವುದೇ ಇಲ್ಲ. ಕ್ಯಾಲಿಫೋರ್ನಿಯಾದ ಪಾಮ್ ಡೆಸರ್ಟ್‌ನಲ್ಲಿರುವ ಲಿವಿಂಗ್ ಡೆಸರ್ಟ್ 1970ರಲ್ಲಿ ಶುರುವಾದದ್ದು. ಅಲ್ಲಿಯ ಸುತ್ತಮುತ್ತಲ ಬೆಟ್ಟಗಳ ಪೆನಿನ್ಸುಲರ್ ಬಿಗ್‌ಹಾರ್ನ್ 1998ರಲ್ಲಿ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿತು. ಈ ಎರಡೂ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಪಾಮ್ ಡೆಸರ್ಟ್‌ನಲ್ಲಿ ಆಗ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ. ಮಗನ ಮನೆಗೆ ಮೇ ತಿಂಗಳಲ್ಲಿ ಹೋಗುವ ವಾಡಿಕೆ ಬಿಟ್ಟು ನವೆಂಬರ್‌ನಲ್ಲಿ ಹೋಗಿ.

ಕೆನಡಾದ ಕ್ಯಾಲ್ಗರಿ ಮೃಗಾಲಯದಲ್ಲಿ ಬಿಗ್‌ಹಾರ್ನ್ ನೋಡಿ, ಮರುದಿನ ಒಂದೂವರೆ ಗಂಟೆಯ ದಾರಿಯ ಬ್ಯಾನ್ಫ್‌ಗೆ ಹೋದರೆ ಮಿನ್ನೆವಾಂಕಾ ಸರೋವರದ ರಸ್ತೆಬದಿಯಲ್ಲಿ ಅದನ್ನೇ ಕಾಡಿನಲ್ಲಿ ಕಾಣುವ ಸಾಧ್ಯತೆ ಚೆನ್ನಾಗಿದೆ. ಮೃಗಾಲಯದಲ್ಲಿ ಕಲಿತದ್ದನ್ನು ಹೀಗೆ ಮರುದಿನವೇ ಕಾಡಿನಲ್ಲಿ ಪರೀಕ್ಷಿಸುವ ಅವಕಾಶ ಬೇರೆ ಕಡೆ ಅಪರೂಪ. ಕಾರು ನಿಲ್ಲಿಸಿ ಒಳಗಿಂದಲೇ ನೋಡಿ, ಚಿಪ್ಸ್ ತೋರಿಸಿ ಕರೆಯುವುದು ಅಲ್ಲಿ ಅಪರಾಧ. ಇನ್ನೂ ಉತ್ತರಕ್ಕೆ ಹೋಗುವ ಧೈರ್ಯವಿದ್ದರೆ ವೈಟ್‌ಹಾರ್ಸ್ ಬಳಿಯ ಯೂಕಾನ್ ವನ್ಯಜೀವಿಧಾಮದಲ್ಲಿ ಡಾಲ್ ಕುರಿಗಳಿವೆ. ಐದು ಕಿಲೋಮೀಟರ್ ಸುತ್ತುದಾರಿಯನ್ನು ನಡೆದೇ ಸುತ್ತಬಹುದು.

ಯುರೋಪ್

ಇಲ್ಲಿ ಹೆಚ್ಚು ಹೇಳಬೇಕಿಲ್ಲ. ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳಿಂದ ಬಂದ ಮೂಫ್ಲಾನ್, ಜರ್ಮನಿ-ಆಸ್ಟ್ರಿಯಾದ ಸಣ್ಣ ಸಣ್ಣ ಕಾಡುಪ್ರಾಣಿ ಪಾರ್ಕುಗಳಲ್ಲೂ ಸಿಗುತ್ತದೆ. ಗಂಡಿನ ಬೆನ್ನಮೇಲೆ ಜೀನು ಹಾಕಿದಂತೆ ಬಿಳಿಮಚ್ಚೆ ಇದ್ದರೆ ಅದೇ. ಸುಮಾರು ಏಳು ಸಾವಿರ ವರ್ಷದ ಹಿಂದೆ ಮನುಷ್ಯರು ದ್ವೀಪಕ್ಕೆ ಒಯ್ದ ಮೊದಮೊದಲ ಸಾಕುಕುರಿಗಳು ಮತ್ತೆ ಕಾಡುಬಿದ್ದು ಉಳಿದ ಸಂತತಿ ಇದು ಎಂಬ ಅಭಿಪ್ರಾಯ ಈಗ ಬಲವಾಗಿದೆ. 160 ಹೆಕ್ಟೇರಿನ ಬರ್ಲಿನ್ ಟೀರ್‌ಪಾರ್ಕ್ ಗೊರಸಿನ ಪ್ರಾಣಿಗಳಿಗೆ ಹೆಸರುವಾಸಿ. ಪ್ರಾಗ್‌ನ ಟ್ರೋಯಾ ಮೃಗಾಲಯ ನಿಜವಾದ ಬಂಡೆ ಇಳಿಜಾರಿನ ಮೇಲೆಯೇ ನಿಂತಿದೆ. ಇನ್ಸ್‌ಬ್ರುಕ್‌ನ ಆಲ್ಪೆನ್‌ಜೂನಲ್ಲಿ ನೋಡಬೇಕಾದದ್ದು ಐಬೆಕ್ಸ್, ಅದು ಆಡು. ಆದರೂ ಕುರಿ ನೋಡಿ ಬಂದವರಿಗೆ ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಸಿಗದು.

ಆವರಣದ ಮುಂದೆ ನಿಂತ ಮೇಲೆ

ಮೊದಲ ಹತ್ತು ನಿಮಿಷ ಕ್ಯಾಮೆರಾ ತೆಗೆಯಬೇಡಿ. ನೀವು ಬಂದಿದ್ದು ಅವುಗಳಿಗೆ ಗೊತ್ತಾಗಿರುತ್ತದೆ, ತಲೆ ಎತ್ತಿ ನೋಡುತ್ತಿರುತ್ತವೆ. ಕೈಬೀಸಬೇಡಿ, ನಾಲಿಗೆ ಲೊಚಗುಟ್ಟಿ ಕರೆಯಬೇಡಿ. ಒಂದು ತಲೆ ಮೇವಿಗೆ ಇಳಿಯಿತು ಎಂದರೆ ನಿಮ್ಮನ್ನು ಒಪ್ಪಿಕೊಂಡಿವೆ ಎಂದರ್ಥ.

ಬಳಿಕ ಕಣ್ಣಿನಿಂದ ಶುರುಮಾಡಿ. ಕುರಿಯ ಕಣ್ಣಿನ ಪಾಪೆ ದುಂಡಗಿಲ್ಲ, ಅಡ್ಡಲಾಗಿ ಮಲಗಿದ ಸೀಳು. ದಿಗಂತವನ್ನು ಉದ್ದಕ್ಕೂ ಒಮ್ಮೆಗೇ ನೋಡಲು ಇದು ಅನುಕೂಲ. ಈಗ ಅದು ಮೇಯಲು ತಲೆ ಬಗ್ಗಿಸಿದಾಗ ದುರ್ಬೀನು ಹಿಡಿದು ನೋಡಿ. ತಲೆ ಕೆಳಗಾದರೂ ಆ ಸೀಳು ನೆಲಕ್ಕೆ ಸಮಾನಾಂತರವಾಗಿಯೇ ಇರುತ್ತದೆ. ಕಣ್ಣುಗುಡ್ಡೆಯೇ ತಿರುಗಿಕೊಳ್ಳುತ್ತದೆ, 50 ಡಿಗ್ರಿಯಷ್ಟು. 2015ರಲ್ಲಿ ಇದನ್ನು ಅಳೆದು ತೋರಿಸಿದವರು ಮೊದಲು ಗಮನಿಸಿದ್ದೂ ಮೃಗಾಲಯದಲ್ಲಿ, ಸಾಕು ಆಡುಕುರಿಗಳ ಮುಂದೆ ನಿಂತೇ. ಈ ತಿರುಗುವಿಕೆಯನ್ನು ಮೊದಲ ಸಲ ಕಂಡಾಗ ನನ್ನ ಮೈ ಜುಮ್ಮೆಂದಿತ್ತು.

ನಂತರ ಕಾಲು. ಇಳಿಯುವಾಗ ನೋಡಬೇಕು, ಏರುವಾಗಲ್ಲ. ಮುಂಗಾಲಿನ ಎರಡು ಗೊರಸು ಬಂಡೆಯ ಏಣಿನ ಮೇಲೆ ಬಿದ್ದ ಕ್ಷಣ ಅಗಲವಾಗುತ್ತವೆ, ಭಾರ ಬಿದ್ದಂತೆ ಇನ್ನಷ್ಟು ಹರಡುತ್ತವೆ. ಅಂಚು ಗಟ್ಟಿ, ಅದು ಕಲ್ಲಿನ ಸಣ್ಣ ಏಣನ್ನೂ ಕಚ್ಚಿ ಹಿಡಿಯುತ್ತದೆ. ನಡುವಿನ ಭಾಗ ಮೆತ್ತಗೆ, ಅದು ಜಾರದಂತೆ ಒತ್ತಿಕೊಳ್ಳುತ್ತದೆ. ಹಿಂದಿನ ಎರಡು ಪುಟ್ಟ ಗೊರಸುಗಳು ಕಡಿದಾದಲ್ಲಿ ಬ್ರೇಕಿನ ಕೆಲಸ ಮಾಡುತ್ತವೆ. ಒಂದೇ ಕುರಿ ಒಂದೇ ಬಂಡೆಯನ್ನು ಐದಾರು ಸಲ ಇಳಿಯುವುದನ್ನು ನೋಡಿ. ಪ್ರತಿ ಸಲವೂ ಅದೇ ಜಾಗದಲ್ಲಿ ಕಾಲಿಡುತ್ತದೆ. ಅಲ್ಲಿ ಕಲ್ಲು ನುಣುಪಾಗಿ ಬಣ್ಣ ಬದಲಾಗಿರುತ್ತದೆ.

ಕೊಂಬಿನ ಬಳೆಗಳಿಂದ ವಯಸ್ಸು ಅಂದಾಜು ಮಾಡಬಹುದು. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುವುದರಿಂದ ವರ್ಷಕ್ಕೊಂದು ಆಳವಾದ ಗೆರೆ ಮೂಡುತ್ತದೆ. ಬಿಗ್‌ಹಾರ್ನ್‌ನಲ್ಲಿ ಇದು ಸ್ಪಷ್ಟ. ಆಳವಾದ ಗೆರೆಗಳನ್ನಷ್ಟೇ ಎಣಿಸಿ, ನಡುವಿನ ಸಣ್ಣ ಸುಕ್ಕುಗಳನ್ನು ಬಿಡಿ. ಮೃಗಾಲಯದಲ್ಲಿ ವರ್ಷವಿಡೀ ಮೇವು ಸಿಗುವುದರಿಂದ ಗೆರೆ ಮಸುಕಾಗಿರಬಹುದು; ನಿಮ್ಮ ಎಣಿಕೆಯನ್ನು ಪ್ರಾಣಿಪಾಲಕರಿಗೆ ಹೇಳಿ ಸರಿಯೇ ಎಂದು ಕೇಳಿ. ಇಂಥ ಪ್ರಶ್ನೆ ಕೇಳುವವರು ಅವರಿಗೆ ಸಿಗುವುದೇ ಕಡಿಮೆ, ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಹಳೆಯ ಟಗರುಗಳ ಕೊಂಬಿನ ತುದಿ ಮೊಂಡಾಗಿದ್ದರೆ ಅದು ಕಾದಾಟ ಮತ್ತು ಉಜ್ಜುವಿಕೆಯಿಂದ ಸವೆದದ್ದು.

ಬೆದೆಗಾಲದಲ್ಲಿ ಹೋಗಿದ್ದರೆ ಗಂಡುಗಳ ಕತ್ತು ಗಮನಿಸಿ. ಕಾಳಗಕ್ಕಿಂತ ಮೊದಲು ತುಂಬ ಹೊತ್ತು ಬರೀ ತೋರಿಕೆ ನಡೆಯುತ್ತದೆ. ಕತ್ತು ತಗ್ಗಿಸಿ ಮುಂದೆ ಚಾಚಿ ನಡೆಯುವುದು, ಮುಂಗಾಲಿನಿಂದ ಎದುರಾಳಿಯನ್ನು ಒದೆಯುವುದು, ಕೊಂಬನ್ನು ಪಕ್ಕಕ್ಕೆ ತಿರುಗಿಸಿ ಅದರ ಗಾತ್ರ ತೋರಿಸುವುದು. ಹೆಚ್ಚಿನ ಜಗಳ ಇಲ್ಲಿಗೇ ತೀರಿಹೋಗುತ್ತದೆ. ಡಿಕ್ಕಿಯವರೆಗೆ ಹೋದರೆ ಒಂದು ವ್ಯತ್ಯಾಸ ನೋಡಿ: ಬಿಗ್‌ಹಾರ್ನ್ ಓಡಿಬಂದು ಹೊಡೆಯುತ್ತದೆ. ಭರಲ್ ಹೋತದಂತೆ ಹಿಂಗಾಲ ಮೇಲೆ ಎದ್ದುನಿಂತು ಮೇಲಿನಿಂದ ಕೊಡುತ್ತದೆ. ಶಾಲರ್ ಅವರನ್ನು ಯೋಚನೆಗೆ ಹಚ್ಚಿದ ನಡವಳಿಕೆಗಳಲ್ಲಿ ಇದೂ ಒಂದು, ಡಾರ್ಜಿಲಿಂಗ್‌ನ ಬೇಲಿಯ ಬಳಿ ನಿಂತು ನೀವೂ ನೋಡಬಹುದು.

ದುರ್ಬೀನು, ಕ್ಯಾಮೆರಾ

8x32 ಅಥವಾ 8x42 ದುರ್ಬೀನು ಸಾಕು. ಹೆಚ್ಚು ಶಕ್ತಿಯದು ಕೈ ನಡುಗಿಸುತ್ತದೆ. ಜಾಲರಿ ಬೇಲಿಯಿದ್ದರೆ ಲೆನ್ಸನ್ನು ಜಾಲರಿಗೆ ಆದಷ್ಟು ಹತ್ತಿರ ಹಿಡಿದು, ಅಪರ್ಚರ್ ಅಗಲ ತೆರೆದು, ಪ್ರಾಣಿ ಬೇಲಿಯಿಂದ ದೂರ ಹೋದಾಗ ತೆಗೆಯಿರಿ, ತಂತಿ ಮಾಯವಾಗುತ್ತದೆ. ಫ್ಲ್ಯಾಶ್ ಬೇಡ.

ಊರಿನ ಮಂದೆಯಿಂದ ಬಂದವರಿಗೆ ಎಚ್ಚರಿಕೆ

ನಮ್ಮಲ್ಲಿ ಅನೇಕರ ಊರಮನೆಯಲ್ಲಿ ಇಂದಿಗೂ ಕುರಿ, ಆಡು, ದನವಿದೆ. ಪುಣೆಯ ಸುತ್ತ ಧನಗರರ ಮಂದೆಗಳ ನಡುವೆ ನಡೆದಾಡುವವರೂ ಇದ್ದಾರೆ. ಸಾಕುಕುರಿಗೆ ಅಷ್ಟೇನೂ ತೊಂದರೆ ಮಾಡದ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ಬಿಗ್‌ಹಾರ್ನ್ ಹಿಂಡುಗಳನ್ನು ನ್ಯುಮೋನಿಯಾದಿಂದ ಉರುಳಿಸಿದೆ; ಅಮೆರಿಕದಲ್ಲಿ ಕಾಡುಕುರಿ ಕಡಿಮೆಯಾಗಲು ಇದೂ ದೊಡ್ಡ ಕಾರಣ. ಕಾಲುಬಾಯಿ ರೋಗ ನಮ್ಮ ದೇಶದಲ್ಲಿ ಇನ್ನೂ ಇದೆ, ಅಮೆರಿಕ, ಕೆನಡಾದಲ್ಲಿ ಇಲ್ಲ. ಆದ್ದರಿಂದ ಊರಲ್ಲಿ ಹಟ್ಟಿಯೊಳಗೆ ಹಾಕಿದ ಚಪ್ಪಲಿ, ಬೂಟು ವಿದೇಶಕ್ಕೆ ಬೇಡವೇ ಬೇಡ. ಬೇರೆ ಇಲ್ಲದಿದ್ದರೆ ತಳ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ. ವಿಮಾನ ನಿಲ್ದಾಣದಲ್ಲಿ ಇತ್ತೀಚೆಗೆ ಜಾನುವಾರುಗಳ ಹತ್ತಿರ ಹೋಗಿದ್ದಿರಾ ಎಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ. ಬೂಟು ನೋಡಿ, ಬೇಕಾದರೆ ತೊಳೆದು ಕಳಿಸುತ್ತಾರೆ ಅಷ್ಟೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ಬೇಲಿಯ ಸಂದಿಯಿಂದ ಬಾಳೆಸಿಪ್ಪೆ, ಬಿಸ್ಕತ್ತು ಕೊಡುವುದನ್ನು ಯಾವ ದೇಶದಲ್ಲೂ ಮಾಡಬೇಡಿ. ಮೆಲುಕು ಹಾಕುವ ಹೊಟ್ಟೆಗೆ ಹಿಟ್ಟು, ಸಕ್ಕರೆ ಒಮ್ಮೆಗೇ ಬಿದ್ದರೆ ಆಮ್ಲ ಏರಿ ಪ್ರಾಣಿ ಸಾಯಲೂಬಹುದು.

ಒಂದೇ ಪ್ರವಾಸಕ್ಕೆ ದುಡ್ಡು, ರಜೆ ಇರುವವರಿಗೆ

ಡಾರ್ಜಿಲಿಂಗ್‌ಗೆ ಹೋಗಿ, ಡಿಸೆಂಬರ್ ಮೊದಲ ಪಕ್ಷದಲ್ಲಿ. ಆಕಾಶ ತಿಳಿಯಾಗಿರುತ್ತದೆ, ಭರಲ್‌ಗಳ ಬೆದೆ ಶುರುವಾಗಿರುತ್ತದೆ, ಕ್ರಿಸ್‌ಮಸ್ ಜನಸಂದಣಿ ಇನ್ನೂ ಬಂದಿರುವುದಿಲ್ಲ. ಮೂರು ರಾತ್ರಿ ಇಟ್ಟುಕೊಂಡು ಎರಡು ಬೆಳಗ್ಗೆ ಮೃಗಾಲಯಕ್ಕೆ ಕೊಡಿ. ಒಂದು ದಿನ ಮಂಜು ಕವಿದರೂ ಇನ್ನೊಂದು ಉಳಿಯುತ್ತದೆ. ಉಣ್ಣೆಯ ಟೋಪಿ, ಕೈಗವಸು, ಒಳ್ಳೆಯ ಹಿಡಿತದ ಬೂಟು ಇರಲಿ. ಟಿಕೆಟ್ ತೆಗೆಸುವ ಮುನ್ನ ಕ್ಯಾಲೆಂಡರಿನಲ್ಲಿ ಗುರುವಾರ ಎಲ್ಲಿ ಬೀಳುತ್ತದೆ ಎಂದು ಮತ್ತೊಮ್ಮೆ ನೋಡಿಕೊಳ್ಳಿ.